ಓದುಗರ ಪ್ರಶ್ನೆ: ಉಲ್ಲೇಖದ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ಕೋಲಾರ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ 2003ರಲ್ಲಿ ಬಂದ ಲೇಖನವೊಂದು ನನ್ನ ಪಿಎಚ್.ಡಿ.ಗೆ ಆಧಾರ. ಸಂಶೋಧನಾ ಬರಹಗಳ ಹುಡುಕುತಾಣ ಗೂಗಲ್ ಸ್ಕಾಲರ್ ತೋರಿಸುವ ಉಲ್ಲೇಖಗಳಲ್ಲಿ ಅರ್ಧದಷ್ಟೂ ಸಂಶೋಧನಾ ಲೇಖನಗಳ ದತ್ತಸಂಚಯವಾದ ಸ್ಕೋಪಸ್‌ನಲ್ಲಿ ಇಲ್ಲ. ಯಾವುದನ್ನು ನಂಬಲಿ? ಆ ಲೇಖನದ ಪ್ರಭಾವವನ್ನು ಪತ್ತೆ ಮಾಡುವುದು ಹೇಗೆ?
— ಸಂಶೋಧನಾ ವಿದ್ಯಾರ್ಥಿನಿ, ಶ್ರೀನಿವಾಸಪುರ

ಉತ್ತರ: ಎರಡೂ ಬೇಕು. ಸ್ಕೋಪಸ್ ತಾನು ಆಯ್ದುಕೊಂಡ ಪತ್ರಿಕೆ, ಪುಸ್ತಕ, ಸಮ್ಮೇಳನಗಳನ್ನಷ್ಟೇ ಎಣಿಸುತ್ತದೆ. ಸ್ಕಾಲರ್ ಪ್ರಬಂಧ, ವರದಿ, ಕಾಲೇಜು ತಾಣದ ಪಿಡಿಎಫ್‌ಗಳನ್ನೂ ಬಾಚಿಕೊಳ್ಳುತ್ತದೆ. ಒಂದೇ ಬರಹವನ್ನು ಎರಡು ಸಲ ಎಣಿಸುವುದೂ ಉಂಟು. ಎರಡೂ ಪಟ್ಟಿ ಇಳಿಸಿಕೊಂಡು ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಖ್ಯೆ) ನೋಡಿ ಒಂದುಗೂಡಿಸಿ. ಡಿಒಐ ಇಲ್ಲದವನ್ನು ಶೀರ್ಷಿಕೆ ನೋಡಿ ಹೊಂದಿಸಿ.

ಸ್ಕಾಲರ್‌ನಲ್ಲಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಲೇಖನ ಎರಡು ನಮೂದಾಗಿ ಒಡೆದಿರಬಹುದು: ಯಾರೋ ಇಸವಿ ತಪ್ಪು ಬರೆದಿರುತ್ತಾರೆ, ಇಲ್ಲವೇ ಇನಿಷಿಯಲ್ ಹಿಂದುಮುಂದಾಗಿರುತ್ತದೆ. ನಮ್ಮ ಕಡೆಯ ಹೆಸರುಗಳಿಗೆ ಈ ಕಾಟ ಹೆಚ್ಚು. ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತುಬಿಡುತ್ತದೆ. ಸ್ಕೋಪಸ್‌ನಂಥದೇ ಇನ್ನೊಂದು ದತ್ತಸಂಚಯವಾದ ವೆಬ್ ಆಫ್ ಸೈನ್ಸ್ ಸಿಕ್ಕರೆ ಅಲ್ಲಿನ 'ಸೈಟೆಡ್ ರೆಫರೆನ್ಸ್ ಸರ್ಚ್' ಬಳಸಿ. ಲೇಖಕರ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ, 2002ರಿಂದ 2004 ಎಂದು ಕೊಟ್ಟರೆ ತಪ್ಪು ರೂಪಗಳೂ ಸಾಲಾಗಿ ಬರುತ್ತವೆ. ನಿಮ್ಮ ಲೇಖನವೇ ಎನಿಸಿದವನ್ನೆಲ್ಲ ಗುರುತು ಮಾಡಿ.

ಸ್ಕಾಲರ್‌ನಲ್ಲಿ 'ಸೈಟೆಡ್ ಬೈ' (ಉಲ್ಲೇಖಿಸಿದವರ) ಪಟ್ಟಿ ತೆರೆದ ಮೇಲೆ 'ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್' ಎಂಬಲ್ಲಿ ಟಿಕ್ ಹಾಕಿ, ಊರಿನ ಹೆಸರು ಹುಡುಕಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ ಎಂಬುದನ್ನು ಮರೆಯಬೇಡಿ. 2003ರ 'ಕೋಲಾರ ಜಿಲ್ಲೆ'ಯೊಳಗೆ ಬಾಗೇಪಲ್ಲಿ, ಗೌರಿಬಿದನೂರೂ ಇದ್ದವು. ಅಲ್ಲಿನ ಮುಂದಿನ ಅಧ್ಯಯನಗಳು ಚಿಕ್ಕಬಳ್ಳಾಪುರದ ಹೆಸರಲ್ಲಿ ಸಿಗುತ್ತವೆ. ಇಂಗ್ಲಿಷಿನಲ್ಲಿ ಒಂದು 'ಕೆ' ಇರುವುದು, ಎರಡಿರುವುದು, ಕೊನೆಗೆ 'ಎ' ಇರುವುದು, ಇಲ್ಲದ್ದು ಎಲ್ಲವನ್ನೂ ಹಾಕಿ ನೋಡಿ. ಪಾವಗಡದ ಜೊತೆ ಹೋಲಿಸುವುದಿದ್ದರೆ ತುಮಕೂರಿಗೂ 2014ಕ್ಕೆ ಹಿಂದಿನ ಸ್ಪೆಲಿಂಗ್, ಈಗಿನದು ಎರಡೂ ಬೇಕು.

ಇಷ್ಟಾದರೂ ಕೈಗೆ ಬಂದದ್ದು ಎಣಿಕೆ ಮಾತ್ರ. ಪ್ರಭಾವ ತಿಳಿಯಲು ಪ್ರತಿ ಲೇಖನವನ್ನೂ ತೆರೆದು, ಉಲ್ಲೇಖ ಬಂದ ವಾಕ್ಯವನ್ನೇ ಓದಬೇಕು. ಅದೇ ಅಳತೆಯ ವಿಧಾನ ಬಳಸಿದ್ದಾರೆಯೇ, ಅದೇ ಹಳ್ಳಿಗಳ ನೀರನ್ನು ಮತ್ತೆ ಪರೀಕ್ಷಿಸಿದ್ದಾರೆಯೇ, ತೀರ್ಮಾನವನ್ನು ಒಪ್ಪದೆ ವಾದ ಹೂಡಿದ್ದಾರೆಯೇ ಎಂದು ಒಂದೊಂದು ಸಾಲು ಬರೆದಿಡಿ. 'ಮಿತಿ ಲೀಟರಿಗೆ 1.5 ಮಿಲಿಗ್ರಾಂ' ಎಂಬ ಮಾತಿಗಷ್ಟೇ ಉಲ್ಲೇಖಿಸಿದವರನ್ನು ಪ್ರಭಾವದ ಲೆಕ್ಕಕ್ಕೆ ಸೇರಿಸಬೇಡಿ. ಕುಡಿಯುವ ನೀರಿನ ಭಾರತೀಯ ಮಾನಕ 10500ರಲ್ಲೇ ಆ ಅಂಕಿ ಇದೆ: ಮಿತಿ 1.0, ಬೇರೆ ಜಲಮೂಲ ಇಲ್ಲದ ಕಡೆ 1.5. ಒಂದೇ ತಪ್ಪು ಪುಟಸಂಖ್ಯೆ ಹಲವು ಲೇಖನಗಳಲ್ಲಿ ಮರುಕಳಿಸಿದರೆ, ಮೂಲ ಓದದೆ ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಇಳಿಸಿಕೊಂಡ ಅನುಮಾನ ಬಲವಾಗುತ್ತದೆ. ಲೇಖಕರ ಸ್ವಂತ ಉಲ್ಲೇಖಗಳನ್ನು ಬೇರೆ ಗುರುತಿಸಿ, ಆದರೆ ಅಳಿಸಬೇಡಿ. ಕೆಲಸ ಮುಂದುವರಿದ ದಾರಿ ಅದರಲ್ಲೂ ಕಾಣುತ್ತದೆ.

ಪ್ರಶ್ನೆ: ಪಿಎಚ್.ಡಿ. ಪ್ರಬಂಧಗಳಲ್ಲಿನ ಉಲ್ಲೇಖ ಸಿಗುತ್ತದೆಯೇ?
— ಉಪನ್ಯಾಸಕರು, ಶಿರಾ

ಉತ್ತರ: ಸ್ಕಾಲರ್‌ಗೆ ಕೆಲವು ಮಾತ್ರ ಸಿಗುತ್ತವೆ. ಉಳಿದವಕ್ಕೆ ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ವಿಷಯದ ಪ್ರಬಂಧಗಳನ್ನು ಹುಡುಕಿ. ಸಾಮಾನ್ಯವಾಗಿ ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ. ಮೊದಲು ಗ್ರಂಥಋಣದ ಕಡತದಲ್ಲಿ ಲೇಖಕರ ಹೆಸರು ಇದೆಯೇ ನೋಡಿ, ಇದ್ದರೆ ಅಧ್ಯಾಯಗಳನ್ನು ತೆರೆಯಿರಿ. ಸ್ಕ್ಯಾನ್ ಮಾಡಿದ ಪುಟಗಳಾದರೆ ಕಂಪ್ಯೂಟರ್ ಹುಡುಕಿಕೊಡುವುದಿಲ್ಲ, ಕಣ್ಣಲ್ಲೇ ಓದಬೇಕು.