ಬೂತಾಯಿಯ ಜೀನೋಮ್ ಅಸೆಂಬ್ಲಿ ಏಕೆ ಉಬ್ಬುತ್ತದೆ?

ನೀವು ಕೇಳಿದ್ದು: ಬೂತಾಯಿ (ಆಯಿಲ್ ಸಾರ್ಡೀನ್) ಮೀನಿನ ಡಿಎನ್ಎಯನ್ನು ಹೈಫೈ ರೀಡ್‌ಗಳಲ್ಲಿ, ಅಂದರೆ ಉದ್ದನೆಯ, ತಪ್ಪು ಕಡಿಮೆಯಿರುವ ತುಣುಕುಗಳಲ್ಲಿ, ಓದಿಸಿ ಇಡೀ ಜೀನೋಮ್ ಆಗಿ ಜೋಡಿಸಿದರೆ (ಇದೇ ಅಸೆಂಬ್ಲಿ) 1.7 ಗಿಗಾಬೇಸ್, ಅಂದರೆ 170 ಕೋಟಿ ಡಿಎನ್ಎ ಅಕ್ಷರ, ಬರುತ್ತಿದೆ, ತಪ್ಪು ಎಲ್ಲಿದೆ? ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಬೂತಾಯಿ ಜೀನೋಮ್ ಸುಮಾರು 1.077 ಗಿಗಾಬೇಸ್. ಮಿಕ್ಕಿದ್ದು ಬಹುತೇಕ ಹೊಸ ಡಿಎನ್ಎ ಅಲ್ಲ. ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ, ಎರಡೂ ಬೇರೆ ಬೇರೆ ತುಣುಕುಗಳಾಗಿ ಉಳಿದಿರುತ್ತವೆ. ದೊಡ್ಡ ಗುಂಪುಗಳಲ್ಲಿ ಬೆರೆತು ಮೊಟ್ಟೆಯಿಡುವ ಇಂಥ ಮೀನಿನಲ್ಲಿ ಆ ಎರಡು ಪ್ರತಿಗಳ ನಡುವೆ ವ್ಯತ್ಯಾಸ ಬಹಳ.

ಮೊದಲು ಒಂದು ಮಾತು ಖಚಿತಪಡಿಸಿಕೊಳ್ಳಿ: ಡಿಎನ್ಎ ಒಂದೇ ಮೀನಿನದೇ? ಮೀನು ಚಿಕ್ಕದೆಂದು ಎರಡು ಮೂರನ್ನು ಸೇರಿಸಿದ್ದರೆ ಎರಡರ ಬದಲು ನಾಲ್ಕಾರು ಪ್ರತಿಗಳು ಬೆರೆತಿವೆ. ಅದನ್ನು ಯಾವ ತಂತ್ರಾಂಶವೂ ಸರಿಪಡಿಸದು, ಹೊಸ ಮೀನಿನಿಂದಲೇ ಶುರುಮಾಡಬೇಕು. ಬೇಕಾಗಿರುವುದು 5 ಮೈಕ್ರೋಗ್ರಾಂನಷ್ಟು ಶುದ್ಧ ಡಿಎನ್ಎ, ಒಂದೇ ಬೂತಾಯಿಯ ಮಾಂಸದಲ್ಲಿ ಅದು ಧಾರಾಳ. ಬಂದರಿನಲ್ಲಿ ಮಂಜುಗಡ್ಡೆಯ ಮೇಲಿಂದ ಎತ್ತಿದ ಮೀನು ಬೇಡ, ಅಷ್ಟರಲ್ಲಿ ಡಿಎನ್ಎ ಮುರಿಯಲು ತೊಡಗಿರುತ್ತದೆ. ದೋಣಿಯಲ್ಲೇ, ಬಲೆ ಎಳೆದ ಕೆಲವೇ ನಿಮಿಷಗಳಲ್ಲಿ, ಬೆನ್ನಿನ ಮಾಂಸ ಕತ್ತರಿಸಿ ದ್ರವ ಸಾರಜನಕಕ್ಕೆ ಹಾಕಿ. ಯಕೃತ್ತನ್ನು ಬಿಡಿ, ಅದರಲ್ಲಿ ಡಿಎನ್ಎ ಕತ್ತರಿಸುವ ಕಿಣ್ವ ಹೆಚ್ಚು, ಕೊಬ್ಬೂ ಹೆಚ್ಚು. ಅದೇ ಮೀನಿನ ಇನ್ನೊಂದು ತುಂಡನ್ನು ಹೈ-ಸಿಗೆ (ಜೀವಕೋಶದೊಳಗೆ ಡಿಎನ್ಎಯ ಯಾವ ಭಾಗಗಳು ಒಂದಕ್ಕೊಂದು ಹತ್ತಿರವಿವೆ ಎಂದು ತಿಳಿಸುವ ಪ್ರಯೋಗ) ಎತ್ತಿಡಿ. ಅದಕ್ಕೆ ಬೇಕಾದದ್ದು ಹೆಪ್ಪುಗಟ್ಟಿದ ಅಂಗಾಂಶ, ಬೇರ್ಪಡಿಸಿದ ಡಿಎನ್ಎ ಅಲ್ಲ.

ಮೀನು ಒಂದೇ ಆಗಿದ್ದರೆ ಚಿಂತೆ ಬೇಡ. ಜೀನೋಮ್ ಗಾತ್ರದ 30 ಪಟ್ಟು, ಅಂದರೆ 32 ಗಿಗಾಬೇಸ್‌ನಷ್ಟು ಹೈಫೈ ದತ್ತಾಂಶ ಇದೆಯೇ ನೋಡಿ. ಅದರ 21 ಅಕ್ಷರಗಳ ಕೆ-ಮರ್‌ಗಳು (ಸಣ್ಣ ಡಿಎನ್ಎ ಪದಗಳು) ತಲಾ ಎಷ್ಟು ಬಾರಿ ಬಂದಿವೆ ಎಂದು ಎಣಿಸಿ, ಆ ಎಣಿಕೆಯ ನಕ್ಷೆ ಬಿಡಿಸುವ ಜೀನೋಮ್‌ಸ್ಕೋಪ್ ತಂತ್ರಾಂಶಕ್ಕೆ ಕೊಡಿ. ಎರಡು ಶಿಖರಗಳು ಕಾಣಬೇಕು: 15 ಬಾರಿಯ ಆಸುಪಾಸಿನದು ಎರಡು ಪ್ರತಿಗಳು ಬೇರೆಯಾಗಿರುವ ಭಾಗ, 30ರದು ಒಂದೇ ಆಗಿರುವ ಭಾಗ. ಇಂಥ ಮೀನಿನಲ್ಲಿ 15ರ ಶಿಖರವೇ ಎತ್ತರವಾಗಿರಬಹುದು, ಹೈಫೈ ರೀಡ್‌ಗಳನ್ನು ಜೋಡಿಸುವ ತಂತ್ರಾಂಶ ಹೈಫಿಆಸ್ಮ್ ಎಡವುವುದು ಅಲ್ಲೇ. ಅದು 15ನ್ನೇ ಸಮಾನ ಭಾಗದ ಶಿಖರವೆಂದು ತಿಳಿದರೆ ಜೋಡಿ ಪ್ರತಿಗಳನ್ನು ಕಳೆಯುವುದಿಲ್ಲ. ಲಾಗ್ ಕಡತದಲ್ಲಿ ಪೀಕ್-ಹೋಮ್ (peak_hom, ಅದು ಗುರುತಿಸಿದ ಸಮಾನ ಭಾಗದ ಶಿಖರ) ಎಷ್ಟಿದೆ ನೋಡಿ, ತಪ್ಪಿದ್ದರೆ ಹೋಮ್-ಕವ್ (--hom-cov) ಆಯ್ಕೆಗೆ 30 ಎಂದು ಕೊಟ್ಟು ಮತ್ತೆ ಓಡಿಸಿ. ನನ್ನ ಪ್ರಕಾರ ನಿಮ್ಮ ತೊಂದರೆಯ ಬಹುಪಾಲು ಇಷ್ಟರಲ್ಲೇ ಇಳಿಯುತ್ತದೆ.

ಆಮೇಲೆ ಬುಸ್ಕೊ: ಸಾಮಾನ್ಯವಾಗಿ ಒಂದೇ ಪ್ರತಿಯಲ್ಲಿರುವ ಜೀನ್‌ಗಳು ಅಸೆಂಬ್ಲಿಯಲ್ಲಿ ಎಷ್ಟಿವೆ ಎಂದು ನೋಡುವ ಪರೀಕ್ಷೆ. ಕಿರಣರೆಕ್ಕೆ ಮೀನುಗಳ ಹತ್ತನೇ ಆವೃತ್ತಿಯ ಪಟ್ಟಿಯಲ್ಲಿ 3,640 ಜೀನ್‌ಗಳಿವೆ. ಅವುಗಳಲ್ಲಿ ಇಮ್ಮಡಿಯಾದವು ಶೇ. 2–3ರಷ್ಟಿದ್ದರೆ ಸರಿ, ಶೇ. 15 ದಾಟಿದ್ದರೆ ಪ್ರತಿಗಳು ಇನ್ನೂ ಉಳಿದಿವೆ. ಆಗ ಹೈಫಿಆಸ್ಮ್ ಕೊಡುವ ಪ್ರಾಥಮಿಕ ಅಸೆಂಬ್ಲಿಯ ಮೇಲೆ, ಜೋಡಿ ಪ್ರತಿಗಳನ್ನು ತೆಗೆಯುವ ಪರ್ಜ್-ಡಪ್ಸ್ ತಂತ್ರಾಂಶ ಓಡಿಸಿ. ಯಾವ ತುಣುಕನ್ನು ತೆಗೆಯಬೇಕೆಂಬ ಮಿತಿಗಳನ್ನು ಅದು ತಾನಾಗಿ ಆರಿಸಿದಂತೆ ಒಪ್ಪದೆ, ತುಣುಕುಗಳು ಎಷ್ಟು ಪಟ್ಟು ಓದಲ್ಪಟ್ಟಿವೆ ಎಂಬ ನಕ್ಷೆ ನೋಡಿ ನೀವೇ ಇಡಿ. ಅತಿಯಾಗಿ ಕತ್ತರಿಸಿದರೆ ನಿಜವಾದ ಜೀನ್‌ಗಳೂ ಹೋಗುತ್ತವೆ: ಬುಸ್ಕೊದಲ್ಲಿ ಇಮ್ಮಡಿ ಇಳಿಯುವಾಗ ಕಾಣೆಯಾದ ಜೀನ್‌ಗಳ ಸಂಖ್ಯೆ ಏರಿದರೆ ಹಿಂದೆ ಸರಿಯಿರಿ.

ಹೈ-ಸಿ ಸ್ಕ್ಯಾಫೋಲ್ಡಿಂಗ್, ಅಂದರೆ ಹೈ-ಸಿ ದತ್ತಾಂಶದಿಂದ ತುಣುಕುಗಳನ್ನು ವರ್ಣತಂತುಗಳಾಗಿ ಸಾಲುಗೂಡಿಸುವುದು, ಇದೆಲ್ಲ ಮುಗಿದ ಮೇಲೆಯೇ. ಉಬ್ಬಿದ ಅಸೆಂಬ್ಲಿಯ ಮೇಲೆ ಮಾಡಿದರೆ ಒಂದೇ ವರ್ಣತಂತುವಿನ ಎರಡು ಪ್ರತಿಗಳು ಒಂದರ ಪಕ್ಕ ಒಂದು ಹೆಣೆದುಕೊಳ್ಳುತ್ತವೆ, ಹೈ-ಸಿಯ ಸಂಪರ್ಕ ನಕ್ಷೆಯಲ್ಲಿ (ಯಾವ ತುಣುಕು ಯಾವುದಕ್ಕೆ ಹತ್ತಿರ ಎಂಬುದರ ಚಿತ್ರ) ಮುಖ್ಯ ಕರ್ಣಕ್ಕೆ ಸಮಾಂತರವಾಗಿ ಇನ್ನೊಂದು ಗೆರೆ ಕಾಣುತ್ತದೆ.