ವರ್ಚುವಲ್ ಮತ್ತು ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಕೃತಕ ಬುದ್ಧಿಮತ್ತೆಗೆ ಏನು ಕೆಲಸ?

ನಾನು ಹಾಸನದವನು, ಆದ್ದರಿಂದ ಬೇಲೂರು, ಹಳೇಬೀಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ವರ್ಚುವಲ್ ರಿಯಾಲಿಟಿ ಎಂದರೆ ಗಣಕ ಕಟ್ಟಿದ ದೃಶ್ಯದೊಳಗೇ ನಾವಿದ್ದಂತೆ ಅನಿಸುವುದು; ಆಗ್ಮೆಂಟೆಡ್ ರಿಯಾಲಿಟಿ ಎಂದರೆ ಎದುರಿಗಿರುವ ನಿಜ ದೃಶ್ಯದ ಮೇಲೆ ಗಣಕದ ಚಿತ್ರ, ವಿವರಗಳನ್ನು ಸೇರಿಸಿ ತೋರಿಸುವುದು.

ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ದೃಶ್ಯ ಕಟ್ಟುವ ಕೆಲಸ. ಬೇಲೂರಿನ ಮದನಿಕೆಯೊಂದನ್ನು ಮೂರು ಆಯಾಮದಲ್ಲಿ ಮೂಡಿಸಲು ಮೊದಲು ಹೆಚ್ಚಾಗಿ ಲೇಸರ್ ಸ್ಕ್ಯಾನರ್ ಅಥವಾ ನುರಿತವರ ದೀರ್ಘ ಶ್ರಮ ಬೇಕಾಗುತ್ತಿತ್ತು. 2020ರಲ್ಲಿ ಬಂದ ನರ್ಫ್ (NeRF) ಎಂಬ ವಿಧಾನದಲ್ಲಿ, ಹಲವು ಕೋನಗಳಿಂದ ತೆಗೆದ ಸಾಮಾನ್ಯ ಫೋಟೊಗಳನ್ನು ಕೊಟ್ಟರೆ ಸಾಕು. ಉದಾಹರಣೆಗಳಿಂದ ಕಲಿಯುವ ಗಣಕ ವ್ಯವಸ್ಥೆಯಾದ ನ್ಯೂರಲ್ ಜಾಲವು ಆ ಜಾಗದ ಪ್ರತಿ ಬಿಂದುವಿನ ಬಣ್ಣ ಮತ್ತು ಸಾಂದ್ರತೆಯನ್ನು ಕಲಿಯುತ್ತದೆ. ಆಮೇಲೆ ಕ್ಯಾಮೆರಾ ಇಡದಿದ್ದ ಕೋನದಿಂದಲೂ ಶಿಲ್ಪವನ್ನು ನೋಡಬಹುದು. ಬಳಪದ ಕಲ್ಲಿನ ಸೂಕ್ಷ್ಮ ಕೊರೆತವನ್ನು ಮೆಟ್ಟಿಲು ಹತ್ತಲಾಗದ ಅಜ್ಜಿಯೊಬ್ಬರು ಮನೆಯಲ್ಲೇ ಕಣ್ತುಂಬಿಕೊಳ್ಳಲು ಇದು ದಾರಿ.

ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಕೆಲಸ ಬೇರೆ. ಮೊಬೈಲ್ ಕ್ಯಾಮೆರಾ ಕಂಡದ್ದು ಗೋಡೆಯೋ ನೆಲವೋ ಮೂರ್ತಿಯೋ ಎಂದು ಗುರುತಿಸಿ, ವಿವರವನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು. ಅದರ ಜೊತೆಗೆ ನಮ್ಮ ಮಾತಿನಲ್ಲೇ ಪ್ರಶ್ನೋತ್ತರ ನಡೆಸುವ ಭಾಷಾ ಮಾದರಿಯನ್ನು ಸೇರಿಸಿದರೆ, "ಈ ಪಟ್ಟಿಕೆಯಲ್ಲಿ ಯಾವ ಕಥೆಯಿದೆ?" ಎಂದು ಕನ್ನಡದಲ್ಲೇ ಕೇಳಬಹುದು. ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್‌ಗಳು ಬರಿಗೈ ಚಲನೆಯನ್ನು ಗುರುತಿಸುವುದೂ, ಕ್ಯಾಮೆರಾ ಕಂಡದ್ದನ್ನು ಗುರುತಿಸುವ ಇಂಥದೇ ತಂತ್ರದಿಂದ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ. ಕೇಳಿದರೆ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಸುಂದರ ಶಿಖರವೊಂದನ್ನು ಕಟ್ಟಿಕೊಡುತ್ತದೆ, ಆದರೆ ಅದು ಬರಿಯ ಊಹೆ. ಶಾಲೆಯ ಮಕ್ಕಳಿಗೆ ತೋರಿಸುವಾಗ ಅಂಥ ಭಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಇದು ಕಲ್ಪನೆ ಎಂದು ಪರದೆಯ ಮೇಲೆಯೇ ಬರೆಯಬೇಕು.