ಶಿಕ್ಷಕರ ಪ್ರಶ್ನೆಪೆಟ್ಟಿಗೆ: ಕೆಲಸದಲ್ಲಿದ್ದುಕೊಂಡೇ ಎಂ.ಎಡ್.?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಓದಿದ್ದು ಬಿ.ಎಸ್ಸಿ., ಬಿ.ಎಡ್. ಶಾಲೆ ತಪ್ಪಿಸದೆ ಎಂ.ಎಡ್. ಮಾಡಬಹುದು, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ ಎಂದು ಒಂದು ಕಾಲೇಜಿನವರು ಹೇಳುತ್ತಿದ್ದಾರೆ. ಸೇರಬಹುದೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಬೇಡ ಮೇಡಂ. ಶಿಕ್ಷಕ ತರಬೇತಿ ಕೋರ್ಸ್‌ಗಳಿಗೆ ನಿಯಮ ಮಾಡುವ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯ ಪ್ರಕಾರ ಎಂ.ಎಡ್. ಎರಡು ವರ್ಷದ ಪೂರ್ಣಾವಧಿ ಕೋರ್ಸ್. ವರ್ಷಕ್ಕೆ 200 ಕೆಲಸದ ದಿನ, ತರಗತಿಗೆ ಕನಿಷ್ಠ ಶೇ. 80 ಹಾಜರಾತಿ, ಕ್ಷೇತ್ರಕಾರ್ಯಕ್ಕೆ ಶೇ. 90. ಅಂದರೆ ವರ್ಷಕ್ಕೆ 160 ದಿನ ನೀವು ಅಲ್ಲಿರಬೇಕು. ದಸರಾ ರಜೆ, ಬೇಸಿಗೆ ರಜೆ ಎರಡನ್ನೂ ಸೇರಿಸಿದರೂ ಅದರ ಅರ್ಧ ತುಂಬುವುದಿಲ್ಲ. ಉಳಿದ ದಿನಗಳಲ್ಲಿ ನಿಮ್ಮ ಸಹಿ ಶಾಲೆಯ ಪುಸ್ತಕದಲ್ಲೂ ಇರುತ್ತದೆ, ಕಾಲೇಜಿನ ಪುಸ್ತಕದಲ್ಲೂ ಇರುತ್ತದೆ. ಯಾರೋ ಒಬ್ಬರು ಮಾಹಿತಿ ಹಕ್ಕಿನಡಿ ಎರಡರ ನಕಲನ್ನೂ ಕೇಳಿದರೆ ಸಾಕು, ಪದವಿಯ ಜೊತೆ ಕೆಲಸಕ್ಕೂ ಕುತ್ತು. ಆಗ ‘ನೋಡಿಕೊಳ್ಳುತ್ತೇವೆ’ ಅಂದವರು ಫೋನ್ ಎತ್ತುವುದಿಲ್ಲ.

ಎಂ.ಎಡ್. ಬೇಕೇ ಬೇಕೆಂದರೆ ರಜೆ ಮಂಜೂರು ಮಾಡಿಸಿಕೊಂಡು ಹೋಗಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೂ (ಆರ್‌ಐಇ) ಎಂ.ಎಡ್. ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಬಿ.ಎಡ್.ನಲ್ಲಿ ಶೇ. 50 ಅಂಕ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕೆಲಸ ಬಿಡದೆ ಓದುವುದಾದರೆ ದೂರಶಿಕ್ಷಣದಲ್ಲಿ ಶಿಕ್ಷಣ ವಿಷಯದ ಎಂ.ಎ. ಇದೆ.

ಪ್ರಶ್ನೆ: ಆ ಎಂ.ಎ.ಗೂ ಎಂ.ಎಡ್.ನಷ್ಟೇ ಬೆಲೆ ಇದೆಯೇ?

ಉತ್ತರ: ಯಾವ ಹುದ್ದೆಗೆ ಎಂಬುದರ ಮೇಲಿದೆ. ಯುಜಿಸಿ ನೆಟ್‌ಗೆ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಎರಡೂ ನಡೆಯುತ್ತವೆ. ಬಿ.ಎಡ್. ಕಾಲೇಜಿನಲ್ಲಿ ಶಿಕ್ಷಣದ ತಾತ್ವಿಕ, ಸಾಮಾಜಿಕ ನೆಲೆಗಳ ವಿಷಯ ಬೋಧಿಸಲು ಅದೇ 2014ರ ನಿಯಮಾವಳಿ ಎಂ.ಎ. ಜೊತೆಗೆ ಬಿ.ಎಡ್. ಇದ್ದವರನ್ನೂ ಒಪ್ಪುತ್ತದೆ. ಗಣಿತ ಬೋಧನಾ ವಿಧಾನ ಕಲಿಸಬೇಕೆಂದರೆ ಗಣಿತದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎಂ.ಎಡ್. ಬೇಕು. ಎಲ್ಲದಕ್ಕೂ ಶೇ. 55 ಅಂಕ ಅಂತ ಇದೆ. ಶೇ. 40ಕ್ಕೆ ಪಾಸಾಗಿ ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. ಪಿಯು ಉಪನ್ಯಾಸಕಿ ಆಗುವ ಆಸೆ ಇದ್ದರೆ ಈ ಎರಡನ್ನೂ ಬಿಟ್ಟು ಗಣಿತದ ಎಂ.ಎಸ್ಸಿ. ಓದಿ. ಅಲ್ಲಿ ಕೇಳುವುದು ವಿಷಯದ ಸ್ನಾತಕೋತ್ತರ ಪದವಿ ಮತ್ತು ಬಿ.ಎಡ್.

ಪ್ರಶ್ನೆ: ದೂರಶಿಕ್ಷಣ ನಡೆಸುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಪರೀಕ್ಷೆ ಚೆನ್ನಾಗಿಯೇ ಬರೆದೆ. ಗ್ರೇಡ್ ಕಾರ್ಡ್‌ನಲ್ಲಿ ಕೋರ್ಸ್ ಇನ್ನೂ ಪೂರ್ಣವಾಗಿಲ್ಲ ಎಂದು ತೋರಿಸುತ್ತಿದೆ. ಯಾಕೆ?

ಉತ್ತರ: ಬಹುಶಃ ಅಸೈನ್‌ಮೆಂಟ್ ಅಂಕ ಏರಿಲ್ಲ. ಪರೀಕ್ಷೆಗೆ ಶೇ. 70, ಅಸೈನ್‌ಮೆಂಟ್‌ಗೆ ಶೇ. 30 ತೂಕ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಒಂದರಲ್ಲಿ ಬಂದ ಹೆಚ್ಚು ಅಂಕ ಇನ್ನೊಂದರ ಕೊರತೆ ತುಂಬುವುದಿಲ್ಲ. ಅಧ್ಯಯನ ಕೇಂದ್ರಕ್ಕೆ ಕೊಟ್ಟ ದಿನವೇ ಸ್ವೀಕೃತಿ ಪಡೆದು, ಇಡೀ ಪ್ರತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಜೂನ್, ಡಿಸೆಂಬರ್ ಪರೀಕ್ಷೆಗೆ ಫಾರಂ ಬೇರೆ ತುಂಬಬೇಕು, ಪ್ರವೇಶ ಶುಲ್ಕ ಕಟ್ಟಿದರೆ ಅದು ತಾನಾಗಿ ಆಗದು. ಒಂದು ಕ್ರೆಡಿಟ್ ಎಂದರೆ 30 ಗಂಟೆ ಓದು. 4 ಕ್ರೆಡಿಟ್‌ನ ಪತ್ರಿಕೆಗೆ 120 ಗಂಟೆ, ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳು. ಎರಡು ವರ್ಷದ ಕೋರ್ಸಿಗೆ ನಾಲ್ಕು ವರ್ಷ ಅವಕಾಶ ಇರುವುದು ನಿಮ್ಮಂಥ ಕೆಲಸದವರಿಗೇ. ಮೊದಲ ವರ್ಷವೇ ಎಲ್ಲ ಪತ್ರಿಕೆ ಬರೆದು ಮುಗಿಸುವ ಹಟ ಬೇಡ.

ಪ್ರಶ್ನೆ: ಇಲಾಖೆಯ ಅನುಮತಿ ಆಮೇಲೆ ತೆಗೆದುಕೊಂಡರೆ ಆಗದೇ?

ಉತ್ತರ: ಪ್ರವೇಶಕ್ಕೆ ಮೊದಲೇ ಮುಖ್ಯೋಪಾಧ್ಯಾಯರು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ಅರ್ಜಿ ಹೋಗಲಿ. ಅನುಮತಿ ಪತ್ರದ ಸಂಖ್ಯೆ, ದಿನಾಂಕ ಇಲ್ಲದಿದ್ದರೆ ನಾಳೆ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸುವಾಗ ತಕರಾರು ಬರುತ್ತದೆ. ದೂರಶಿಕ್ಷಣಕ್ಕೆ ಯುಜಿಸಿಯ ದೂರಶಿಕ್ಷಣ ವಿಭಾಗ (ಡಿಇಬಿ) ಪ್ರತಿ ವಿದ್ಯಾರ್ಥಿಗೆ ಕೊಡುವ ನೋಂದಣಿ ಸಂಖ್ಯೆ, ಅಂದರೆ ಡಿಇಬಿ ಐಡಿಯೂ ಈಗ ಕಡ್ಡಾಯ.

ಪ್ರಶ್ನೆ: ಪ್ರಬಂಧಕ್ಕೆ ‘ಪ್ರೌಢಶಾಲಾ ಶಿಕ್ಷಕರ ವೃತ್ತಿ ಮನೋಭಾವ’ ಎಂಬ ವಿಷಯ ಆರಿಸಿದ್ದೇನೆ. ಸರಿಯೇ?

ಉತ್ತರ: ಮಾರ್ಗದರ್ಶಕರು ಒಪ್ಪಿಯಾರು, ಆದರೆ ನಿಮ್ಮ ಕೈಗೆ ಏನೂ ಹತ್ತುವುದಿಲ್ಲ. ಮನೋಭಾವ ಕೇಳುವ ಪ್ರಶ್ನಾವಳಿಗೆ ಶಿಕ್ಷಕರು ತಮ್ಮ ಮೇಲೆ ತಾವೇ ಒಳ್ಳೆಯ ಅಂಕ ಹಾಕಿಕೊಳ್ಳುತ್ತಾರೆ. ನಿಮ್ಮ ತರಗತಿಯಲ್ಲೇ ಸಾಮಗ್ರಿ ಬಿದ್ದಿದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಎಂದು ಬರೆಯುವ ಮಕ್ಕಳಿದ್ದಾರಲ್ಲ, ಅವರನ್ನು ಹಿಡಿಯಿರಿ. ಅರ್ಧಕ್ಕಿಂತ ಐದನೇ ಎರಡು ಚಿಕ್ಕದು, ಕೂಡಿಸಿದ ಮೇಲೆ ಕಡಿಮೆಯಾಯಿತು ಎಂಬುದು ಮಗುವಿಗೆ ಹೊಳೆಯುತ್ತಿಲ್ಲ. ಮೇಲಿನ, ಕೆಳಗಿನ ಅಂಕಿಗಳನ್ನು ಬೇರೆ ಬೇರೆ ಪೂರ್ಣಸಂಖ್ಯೆ ಎಂದೇ ಅದು ಓದುತ್ತಿದೆ.

ಹನ್ನೆರಡು ಲೆಕ್ಕದ ಒಂದು ಪರೀಕ್ಷೆ ತಯಾರಿಸಿ. ಮೊದಲು ಪಕ್ಕದ ಶಾಲೆಯ ಹತ್ತು ಮಕ್ಕಳಿಗೆ ಕೊಟ್ಟು, ಅರ್ಥವಾಗದ ಪ್ರಶ್ನೆ ತಿದ್ದಿ. ಆಮೇಲೆ ಎರಡು ಶಾಲೆಗಳಿಂದ ನಲವತ್ತು ಮಕ್ಕಳಾದರೆ ಸಣ್ಣ ಪ್ರಬಂಧಕ್ಕೆ ಸಾಕು. ಬರೀ ನಿಮ್ಮ ತರಗತಿ ಬೇಡ, ಮಕ್ಕಳು ನಿಮ್ಮ ಮುಖ ನೋಡಿ ಉತ್ತರ ತಿದ್ದುತ್ತಾರೆ. ತಪ್ಪಿದವರಲ್ಲಿ ಎಂಟು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ, ‘ಹೇಗೆ ಮಾಡಿದೆ, ಹೇಳು’ ಎಂದಷ್ಟೇ ಕೇಳಿ. ನಡುವೆ ತಿದ್ದಬೇಡಿ. ಶಿಕ್ಷಕರಿಗೆ ಅತ್ಯಂತ ಕಷ್ಟವಾಗುವುದು ಅದೇ.